ನಾಲ್ಕು ಅಂಗೈ ಗಾಳಿ

ಕಾರಿನ ಗಾಳಿ ನೋಡುವುದಕ್ಕೆ ಒಂದು ಹೊತ್ತಿದೆ. ಬಿಸಿಲು ಇನ್ನೂ ಟೈರಿಗೆ ತಗುಲಿರಬಾರದು, ಕಾರು ರಾತ್ರಿಯೆಲ್ಲ ನಿಂತಲ್ಲೇ ನಿಂತಿರಬೇಕು. ನಮ್ಮ ನಂಗಲಿಯಲ್ಲಿ ಆ ಹೊತ್ತು ಬಹಳ ಸೊಗಸಾಗಿರುತ್ತದೆ. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ರಾತ್ರಿ ಹಗಲೆನ್ನದೆ ಇದ್ದದ್ದೇ. ಊರೊಳಗೆ ಮಾತ್ರ ಡೇರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಟವರು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವವರು, ಇಷ್ಟೇ ಜನ ಎದ್ದಿರುತ್ತಾರೆ. ನಾನು ಗಾಳಿ ಮೀಟರು ಹಿಡಿದುಕೊಂಡು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಕಾಫಿ ಆಮೇಲೆ.

ಮೊದಲು ವಾಲ್ವಿನ ಕ್ಯಾಪು ಬಿಚ್ಚಿ ಜೇಬಿಗೆ ಹಾಕಿಕೊಳ್ಳಬೇಕು. ನೆಲದ ಮೇಲಿಟ್ಟರೆ ಉರುಳಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಬೆಳಕಿಗೆ ಓರೆಯಾಗಿ ಕೂತು ನೋಡಿದರೆ ವಾಲ್ವಿನ ನಟ್ಟನಡುವೆ ಒಂದು ಸಣ್ಣ ಪಿನ್ನು ಕಾಣುತ್ತದೆ. ಅದರ ಕೆಳಗೊಂದು ಸ್ಪ್ರಿಂಗು, ಒಂದು ರಬ್ಬರಿನ ಬಿಲ್ಲೆ. ಹೊರಗೆ ಬರಲು ಒತ್ತುವ ಗಾಳಿಯೇ ಆ ಬಿಲ್ಲೆಯನ್ನು ಅದರ ಜಾಗಕ್ಕೆ ಅಮುಕಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡಿರುತ್ತದೆ. ಎಷ್ಟು ಸಲ ನೋಡಿದರೂ ಈ ಉಪಾಯ ನನಗೆ ಹಳೆಯದಾಗುವುದಿಲ್ಲ. ಅಮೆರಿಕದ ಆಗಸ್ಟ್ ಶ್ರೇಡರ್ ಇದಕ್ಕೆ ಪೇಟೆಂಟ್ ಪಡೆದದ್ದು 1893ರಲ್ಲಿ. ಅದಕ್ಕೂ ಐದು ವರ್ಷ ಹಿಂದೆ, 1888ರಲ್ಲಿ, ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲಿ ಎಂದು ರಬ್ಬರ್ ಕೊಳವೆಗೆ ಗಾಳಿ ತುಂಬಿಸಿದ್ದ. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದನಂತೆ. ಆಗ ಅದನ್ನು ಕೇಳುವವರಿರಲಿಲ್ಲ. ಶ್ರೇಡರನ ಪಿನ್ನು ಮಾತ್ರ ಬಂದ ಮೇಲೆ ಹೋಗಲೇ ಇಲ್ಲ. ಮನೆಯ ಸ್ಕೂಟರಿಗೂ ಕಾರಿಗೂ ಇವತ್ತಿರುವುದು ಅದೇ.

ಮೀಟರನ್ನು ಓರೆಯಾಗಿಟ್ಟರೆ ಸುಯ್ಯೆಂದು ಗಾಳಿ ಸೋರುತ್ತದೆ. ನೇರವಾಗಿಟ್ಟು ಒಂದೇ ಒತ್ತು ಒತ್ತಿದರೆ ಚುಕ್ ಎಂದು ಸಣ್ಣ ಸದ್ದಾಗಿ ಮುಳ್ಳು ಎದ್ದು ನಿಲ್ಲುತ್ತದೆ. ಕೈಗೆ ಅದು ಹಿಡಿತವಾದ ಮೇಲೆ ನಾಲ್ಕು ಟೈರಿಗೂ ನಾಲ್ಕೇ ಚುಕ್. ನನ್ನದು ಮುಳ್ಳಿನ ಮೀಟರು. ಅದರ ಗಾಜಿನ ಹಿಂದೆ ಬಾಗಿಸಿದ ತೆಳು ಹಿತ್ತಾಳೆ ಕೊಳವೆಯೊಂದಿದೆ. ಒಳಗೆ ಗಾಳಿ ನುಗ್ಗಿದಾಗ ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿ ಕೂದಲೆಳೆಯಷ್ಟು ಅಲುಗುತ್ತದೆ, ಹಲ್ಲುಚಕ್ರ ಆ ಅಲುಗಾಟವನ್ನು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತದೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಕಂಡುಹಿಡಿದ ಏರ್ಪಾಡು ಅದು. ಡಿಜಿಟಲ್ ಮೀಟರು ಓದುವುದಕ್ಕೆ ಸುಲಭ ಎನ್ನುವವರಿದ್ದಾರೆ, ನಿಜವೇ. ನನಗೆ ಮಾತ್ರ ಬ್ಯಾಟರಿ ಇಲ್ಲದೆ ಗಾಳಿಯ ಬಲದಿಂದಲೇ ಏಳುವ ಮುಳ್ಳು ನೋಡುವುದು ಇಷ್ಟ.

ನಂಗಲಿಯವರಿಗೆ ಗಾಳಿಯ ಮೇಲೆ ಇಷ್ಟು ಲಕ್ಷ್ಯ ಇರಬೇಕಾದದ್ದು ನಮ್ಮ ಊರು ಕೂತಿರುವ ಜಾಗದಿಂದಲೂ. ಮುಳಬಾಗಿಲಿನಿಂದ ಮುಂದೆ ಹದಿನೈದಿಪ್ಪತ್ತು ಕಿಲೋಮೀಟರ್ ಬಂದರೆ ನಾವು. ನಮ್ಮನ್ನು ದಾಟಿದರೆ ಆಂಧ್ರ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ನಾಲ್ಕು ಎಲ್ಲೆಗಳನ್ನು ಹೇಳುವಾಗ ಮೂಡಣ ಎಲ್ಲೆಯಾಗಿ ಹೆಸರಿಸುವುದು ನಂಗಲಿಯ ಘಟ್ಟವನ್ನೇ. ಒಂಬೈನೂರು ವರ್ಷದ ಕೆಳಗೆ ಆನೆ, ಕುದುರೆ, ಎತ್ತಿನ ಬಂಡಿಗಳು ಏರಿಳಿದ ಕಡೆಯಲ್ಲಿ ಈಗ ನಾಲ್ಕು ಪಥದ ರಸ್ತೆ. ಹಳಬರ ಬಾಯಲ್ಲಿ ಅದಿನ್ನೂ ಎನ್‌ಎಚ್ ನಾಲ್ಕು; ಬೋರ್ಡಿನ ಮೇಲೆ ಈಗ ಬೇರೆ ಅಂಕಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಕೋಲಾರ ಮುಳಬಾಗಿಲು 800ರ ಆಸುಪಾಸು. ಇಲ್ಲಿಂದ ಪಲಮನೇರಿಗೆ ಹೋದರೆ 700ಕ್ಕೂ ಕೆಳಗೆ. ಮೊಗಿಲಿ ಘಾಟು ಇಳಿದು ಚಿತ್ತೂರು ಮುಟ್ಟಿದರೆ 300 ಚಿಲ್ಲರೆ. ತಿರುಪತಿಯ ಕೆಳಗಿನ ಊರು 160ರಷ್ಟು. ಬೆಟ್ಟದ ತಿಮ್ಮಪ್ಪನ ದರ್ಶನಕ್ಕೆ ಹೊರಟವರು ಮೊದಲು ಇಷ್ಟೆಲ್ಲ ಇಳಿದು ಆಮೇಲೆ ಏಳು ಬೆಟ್ಟ ಹತ್ತಬೇಕು.

ಇಳಿಯುತ್ತ ಹೋದಂತೆ ಟೈರಿನ ಗಾಳಿ ಏನಾಗುತ್ತದೆ ಎಂಬುದು ಬಲು ಸ್ವಾರಸ್ಯದ ವಿಷಯ. ಮೀಟರು ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ತಗ್ಗಿಗೆ ಇಳಿದಷ್ಟೂ ಹೊರಗಿನ ಒತ್ತಡ ಹೆಚ್ಚುತ್ತದೆ. ಹಾಗಾಗಿ ಮುಳಬಾಗಿಲಿನಲ್ಲಿ 33 ತೋರಿಸಿದ ಟೈರು, ಬೇರೆ ಏನೂ ಬದಲಾಗದಿದ್ದರೆ, ತಿರುಪತಿಯಲ್ಲಿ 32ರ ಹತ್ತಿರ ತೋರಿಸಬೇಕು. ಆದರೆ ಬೇರೆ ಎಲ್ಲವೂ ಬದಲಾಗುತ್ತದಲ್ಲ! ಶೆಖೆ ಏರುತ್ತದೆ. ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರಿನ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಏರುತ್ತದೆ. ನಮ್ಮಲ್ಲಿ ಬೆಳಗ್ಗೆ 18 ಡಿಗ್ರಿ ಇದ್ದು ಅಲ್ಲಿ ಮಧ್ಯಾಹ್ನ 38 ಆದರೆ ಮೂರೂವರೆ ಪಾಯಿಂಟು ಬರೀ ಹವೆಯ ಶಾಖಕ್ಕೇ ಸೇರಿತು. ರಸ್ತೆಯಲ್ಲಿ ಓಡಿದ ಶಾಖಕ್ಕೆ ಇನ್ನೂ ಮೂರು ನಾಲ್ಕು. ತಿರುಪತಿಯ ಬಂಕಿನಲ್ಲಿ ಯಾರೋ ಮೀಟರಿಟ್ಟು ‘ಮೂವತ್ತೊಂಬತ್ತಿದೆ ಸಾರ್, ಇಳಿಸಲಾ?’ ಎಂದರೆ ಹೆದರಬೇಕಾಗಿಲ್ಲ. ಬೇಡ ಎನ್ನಬೇಕು. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಮಾರನೆಯ ಬೆಳಗ್ಗೆ ತಣ್ಣಗಾದಾಗ ಅದು 27ಕ್ಕೋ 28ಕ್ಕೋ ಬಂದು ನಿಲ್ಲುತ್ತದೆ, ಆ ಟೈರಿನಲ್ಲೇ ವಾಪಸ್ಸು ಘಾಟು ಹತ್ತಬೇಕಾಗುತ್ತದೆ. ಕಾರು ತಯಾರಿಸಿದವರು ಬರೆದುಕೊಟ್ಟ ಅಂಕಿ ತಣ್ಣನೆಯ ಟೈರಿನದು. ಮೂರು ಗಂಟೆಯಾದರೂ ನಿಂತಿರಬೇಕು, ಓಡಿದ್ದರೂ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು.

ಆ ಅಂಕಿ ಎಲ್ಲಿದೆ ಎಂದು ಕೇಳುವವರು ಬಹಳ. ಡ್ರೈವರ್ ಕಡೆಯ ಬಾಗಿಲು ತೆಗೆದರೆ ಕಂಬದ ಮೇಲೆ ಸಣ್ಣದೊಂದು ಸ್ಟಿಕ್ಕರ್ ಇರುತ್ತದೆ. ನನ್ನ ಕಾರಿನಲ್ಲಿ ಇಬ್ಬರು ಮೂವರಾದರೆ ನಾಲ್ಕು ಟೈರಿಗೂ 33, ಐದು ಜನ ಸಾಮಾನು ಸಮೇತ ಹೊರಟರೆ ಹಿಂದಿನೆರಡಕ್ಕೆ 36. ಟೈರಿನ ಪಕ್ಕೆಯ ಮೇಲೆ ಉಬ್ಬಕ್ಷರದಲ್ಲಿ ಇನ್ನೊಂದು ದೊಡ್ಡ ಅಂಕಿ ಇರುತ್ತದೆ. 44, 51, ಹೀಗೆ. ಅದು ಆ ಟೈರು ತಡೆದುಕೊಳ್ಳಬಲ್ಲ ಗರಿಷ್ಠ ಮಿತಿ, ಅಷ್ಟು ತುಂಬಿಸಿ ಎಂದು ಹೇಳಿದ್ದಲ್ಲ. ಈ ಎರಡು ಅಂಕಿಗಳನ್ನು ಕಲಸಿಕೊಂಡು ನಲವತ್ತಕ್ಕೂ ಮೇಲೆ ಗಾಳಿ ಹೊಡೆಸಿಕೊಂಡು ಹೋಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಟೈರು ನಡುವೆ ಉಬ್ಬಿ, ನಡುಭಾಗ ಮಾತ್ರ ನೆಲ ಮುಟ್ಟಿ, ಅಲ್ಲಿಯ ಬಟನ್ನು ಬೇಗ ಸವೆಯುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕು ಹಾಕಿದರೆ ಹಿಡಿತ ಸಾಲುವುದಿಲ್ಲ.

ಹಿಡಿತ ಅಂದೆ. ಅದರ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಜನ ಕೂತ ಸಣ್ಣ ಕಾರು ಸುಮಾರು 1,300 ಕಿಲೋ ತೂಗುತ್ತದೆ ಅಂದುಕೊಳ್ಳೋಣ. ಒಂದೊಂದು ಟೈರಿನ ಪಾಲಿಗೆ 325 ಕಿಲೋ. 33 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ 2.3 ಕಿಲೋ ಒತ್ತು. ಭಾಗಿಸಿದರೆ ಟೈರು ನೆಲಕ್ಕೆ ತಗುಲುವ ಜಾಗ ಅಂದಾಜು 140 ಚದರ ಸೆಂಟಿಮೀಟರ್, ಬೆರಳೂ ಸೇರಿ ನನ್ನ ಒಂದು ಅಂಗೈಯಷ್ಟು. ನಾಲ್ಕು ಟೈರು, ನಾಲ್ಕು ಅಂಗೈ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಅಪ್ಪ ಅಮ್ಮ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿರುವಾಗ ಭೂಮಿಗೂ ನಮಗೂ ಇರುವ ಸಂಬಂಧ ಅಷ್ಟೇ ಜಾಗದ್ದು. ಭಾರ ಹೊರುವುದು ರಬ್ಬರು ಎಂದು ನಾವು ತಿಳಿದಿರುತ್ತೇವೆ. ರಬ್ಬರು, ನೈಲಾನು, ಉಕ್ಕಿನ ತಂತಿ ಎಲ್ಲ ಸೇರಿ ಹೊರುವುದು ಸ್ವಲ್ಪವೇ. ಅವುಗಳ ಮುಖ್ಯ ಕೆಲಸ ಗಾಳಿಯನ್ನು ಹಿಡಿದಿಡುವುದು. ಹೊರುವುದು ಗಾಳಿ.

ಗಾಳಿ ಕಮ್ಮಿಯಾದರೆ ಆ ಅಂಗೈ ದೊಡ್ಡದಾಗುತ್ತದೆ, ಹಾಗಾದರೆ ಹಿಡಿತ ಹೆಚ್ಚಬೇಕಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ದೊಡ್ಡದಾಗುವುದು ಎರಡು ಅಂಚುಗಳ ಮೇಲೆ ಒರಗಿಕೊಂಡು. ನಡುವೆ ಒತ್ತು ಸಾಲದು, ಅಂಚುಗಳೆರಡೂ ತೇಯುತ್ತವೆ, ಸ್ಟಿಯರಿಂಗ್ ಭಾರವಾಗುತ್ತದೆ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ. ಇವೆಲ್ಲ ದುಡ್ಡಿನ ನಷ್ಟ. ಇದಕ್ಕಿಂತ ಭಯಪಡಬೇಕಾದದ್ದು ಪಕ್ಕೆಯ ವಿಚಾರಕ್ಕೆ. ಟೈರು ಒಂದೊಂದು ಸುತ್ತು ಸುತ್ತುವಾಗಲೂ ಅದರ ಪಕ್ಕೆ ಒಮ್ಮೆ ಮಡಿಚಿ ಒಮ್ಮೆ ಬಿಚ್ಚಿಕೊಳ್ಳುತ್ತದೆ. ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸಲ. ಗಾಳಿ ಕಮ್ಮಿಯಿದ್ದಷ್ಟೂ ಮಡಿಕೆ ಆಳ, ಮಡಿಕೆ ಆಳವಾದಷ್ಟೂ ಶಾಖ. ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ಟೈರು ಸಿಡಿದ ಸುದ್ದಿ ಬಂದಾಗ ‘ಗಾಳಿ ಜಾಸ್ತಿಯಾಗಿ ಒಡೀತು’ ಅನ್ನುತ್ತಾರೆ ಜನ. ಹೆಚ್ಚಿನ ಸಲ ಕತೆ ತಿರುಗುಮುರುಗು: ಗಾಳಿ ಕಮ್ಮಿಯಾಗಿ ಕಾದು ಒಡೆದಿರುತ್ತದೆ. ಇದೊಂದು ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಲಕ್ಷಗಟ್ಟಲೆ ಟೈರುಗಳನ್ನು ವಾಪಸ್ಸು ಪಡೆಯಬೇಕಾಯಿತು. ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎತ್ತರದ ವಾಹನಗಳಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದರು. ಟೈರಿನ ತಯಾರಿಕೆಯ ಲೋಪದ ಜೊತೆಗೆ, ಫೋರ್ಡ್‌ನವರು ಹೇಳಿದ್ದ 26 ಪಿಎಸ್‌ಐ ಸರಿಯೇ, ಫೈರ್‌ಸ್ಟೋನ್‌ನವರು ಆಮೇಲೆ ಹೇಳಿದ 30 ಸರಿಯೇ ಎಂಬ ಜಗಳವೂ ನಡೆಯಿತು. ನಾಲ್ಕೇ ಪಾಯಿಂಟಿನ ಜಗಳ! ಅದೇ ವರ್ಷ ಅಲ್ಲಿ ಕಾನೂನು ಬಂತು, ಅದರ ಫಲವಾಗಿ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುವ ಏರ್ಪಾಡು ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ನಮ್ಮಲ್ಲೂ ಈಗ ಎಷ್ಟೋ ಕಾರುಗಳಿಗೆ ಆ ದೀಪ ಇದೆ. ಒಳ್ಳೆಯದೇ. ಆದರೆ ಅಮೆರಿಕದ ನಿಯಮದ ಪ್ರಕಾರ ದೀಪ ಹೊತ್ತಬೇಕಾದದ್ದು ಗಾಳಿ ಕಾಲು ಭಾಗ ಇಳಿದ ಮೇಲೆ. 33 ಇರಬೇಕಾದಲ್ಲಿ 27 ಇದ್ದರೂ ದೀಪ ಸುಮ್ಮನಿರಬಹುದು. ದೀಪವಿರುವ ಕಾರಿನವರೂ ಬೆಳಗ್ಗೆ ಒಂದು ಸಲ ಕುಕ್ಕರಗಾಲಲ್ಲಿ ಕೂರಬೇಕು ಅನ್ನುವುದು ಅದಕ್ಕೇ.

ನಮ್ಮ ಭಾಗದಲ್ಲಿ ಗಾಳಿಯ ಮರ್ಮ ಚೆನ್ನಾಗಿ ಬಲ್ಲವರು ಟೊಮೆಟೊ ಗಾಡಿಯವರು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ತೋಟಗಳಿಂದ ಹಣ್ಣು ಹೊತ್ತ ಪಿಕಪ್ಪುಗಳು ಕೋಲಾರದ ಮಾರುಕಟ್ಟೆಗೋ ವಡ್ಡಹಳ್ಳಿ ಮಂಡಿಗೋ ಓಡುತ್ತವೆ. ಕ್ರೇಟಿಗೆ 15 ಕಿಲೋ ಲೆಕ್ಕ. ನೂರು ಕ್ರೇಟು ಹೇರಿದರೆ ಒಂದೂವರೆ ಟನ್ನು, ಖಾಲಿ ಕ್ರೇಟಿನ ತೂಕ ಬೇರೆ. ಅಷ್ಟೂ ಭಾರ ಬೀಳುವುದು ಹೆಚ್ಚಾಗಿ ಹಿಂದಿನ ಟೈರಿನ ಮೇಲೆ. ಹೇರುವ ಮುಂಚೆ ಹಿಂದಿನದಕ್ಕೆ ಗಾಳಿ ಏರಿಸಿಕೊಳ್ಳುತ್ತಾರೆ, ಕಾರಿನವರು ಕೇಳಿದರೆ ಬೆಚ್ಚಿಬೀಳುವಷ್ಟು. ಖಾಲಿ ಬರುವಾಗ ಅದೇ ಗಾಡಿ ಗುಂಡಿ ಸಿಕ್ಕ ಕಡೆಯೆಲ್ಲ ಎಗರುತ್ತ ಬರುತ್ತದೆ. ಹಣ್ಣು ಮಾತ್ರ ಜಜ್ಜದೆ ಮಂಡಿ ಸೇರಿರುತ್ತದೆ.

ಹೆದ್ದಾರಿ ಪಕ್ಕದ ಪಂಚರ್ ಅಂಗಡಿಯ ಮುಂದೆ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಜಿಎಸ್‌ಟಿ ಬಂದ 2017ರವರೆಗೆ ನಂಗಲಿ ಚೆಕ್‌ಪೋಸ್ಟಿನಲ್ಲಿ ತೆರಿಗೆ ಕಾಗದಕ್ಕಾಗಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಡ್ರೈವರು ಕಾಗದ ಹಿಡಿದು ಹೋದರೆ ಕ್ಲೀನರು ಕಬ್ಬಿಣದ ರಾಡು ಹಿಡಿದು ಇಳಿಯುತ್ತಿದ್ದ. ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ತುಂಬಿದ ಟೈರು ಖಣಿ ಎಂದು ರಾಡನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಇಳಿದದ್ದು ಬೊದ್ ಅನ್ನುತ್ತದೆ. ಜೋಡಿ ಟೈರಿನಲ್ಲಿ ಒಳಗಡೆಯದು ಕಣ್ಣಿಗೆ ಕಾಣುವುದಿಲ್ಲ, ಅದರ ಸುದ್ದಿ ಹೇಳುವುದು ಈ ಸದ್ದೇ. ಆ ಕಿವಿಗೆ ನಾನು ಕೈ ಮುಗಿಯುತ್ತೇನೆ. ಆದರೂ ಪೂರ್ತಿ ಇಳಿದದ್ದನ್ನು ಹೇಳಬಲ್ಲ ಕಿವಿ, ನೂರಕ್ಕೆ ತೊಂಬತ್ತು ಇದ್ದದ್ದನ್ನು ಹೇಳಲಾರದು. ಸೈಕಲ್ಲಿನ ಕಾಲದಿಂದ ಬಂದ ಹೆಬ್ಬೆರಳಿನ ಪರೀಕ್ಷೆಯೂ ಹಾಗೆಯೇ. ಸೈಕಲ್ ಟೈರನ್ನು ಒತ್ತಿ ನೋಡಿ ಹೇಳಬಹುದು. ಇವತ್ತಿನ ರೇಡಿಯಲ್ ಟೈರು ಗಾಳಿ ಸರಿಯಿದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಕೂತಿರುತ್ತದೆ. 33 ಇದ್ದದ್ದಕ್ಕೂ 25 ಇದ್ದದ್ದಕ್ಕೂ ಬರಿಗಣ್ಣಿಗೆ ಭೇದ ಸಿಕ್ಕುವುದಿಲ್ಲ.

ಪಂಚರ್ ಅಂಗಡಿಯವರ ಕೈಗುಣದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಬೆರಳಿನ ಕೆಲಸ. ಗಾಳಿ ಹಿಡಿದಾದ ಮೇಲೆ ಬೆರಳಿಗೆ ಎಂಜಲು ಮುಟ್ಟಿಸಿ ವಾಲ್ವಿನ ಬಾಯಿಗೆ ಸವರುತ್ತಾರೆ. ಗುಳ್ಳೆ ಎದ್ದರೆ ಪಿನ್ನು ಸೋರುತ್ತಿದೆ, ಏಳದಿದ್ದರೆ ಕ್ಯಾಪು ಹಾಕಿ ಕಳಿಸುತ್ತಾರೆ. ನಾನು ಮನೆಯಲ್ಲಿ ಸೋಪಿನ ನೀರು ಸವರಿ ನೋಡುತ್ತೇನೆ, ಸಿಕ್ಕುವ ಉತ್ತರ ಅದೇ. ಅವರ ಇನ್ನೊಂದು ಕೆಲಸ ನೋಡಿದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಟ್ಯೂಬಿರುವ ಲಾರಿ ಟೈರಿನ ಡಿಸ್ಕಿಗೆ ಸುತ್ತ ಒಂದು ಕಬ್ಬಿಣದ ರಿಂಗು ಕೂರಿಸಿರುತ್ತಾರೆ. ಗಾಳಿ ನೂರು ದಾಟುವ ಹೊತ್ತಿಗೆ ಆ ರಿಂಗು ಸರಿಯಾಗಿ ಕೂತಿರದಿದ್ದರೆ ಚಿಮ್ಮಿ ಎದುರಿಗಿದ್ದವರ ಪ್ರಾಣ ತೆಗೆಯುತ್ತದೆ. ತಿಳಿದವರು ರಿಂಗಿನ ಕಡೆಯನ್ನು ನೆಲಕ್ಕೆ ಮಾಡಿ ಮಲಗಿಸಿ, ಡಿಸ್ಕಿನ ಕಿಂಡಿಯಲ್ಲಿ ರಾಡು ತೂರಿಸಿ ಅಥವಾ ಸರಪಳಿ ಸುತ್ತಿ, ಪೈಪು ಸಿಕ್ಕಿಸಿ ದೂರ ಸರಿದು ನಿಲ್ಲುತ್ತಾರೆ. ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲ ದಿನವೇ ಇದನ್ನು ಕಲಿಸಬೇಕು, ಕಲಿಸದ ಅಂಗಡಿಯಲ್ಲಿ ಹುಡುಗರನ್ನು ಬಿಡಬಾರದು. ನಮ್ಮ ಕಾರಿಗೆ ಹತ್ತು ರೂಪಾಯಿಗೋ ಇಪ್ಪತ್ತಕ್ಕೋ ಗಾಳಿ ಹಿಡಿದುಕೊಡುವ ಕೈ ಅರ್ಧ ಗಂಟೆಗೆ ಮುಂಚೆ ಅಂಥ ಟೈರಿನ ಮುಂದೆ ನಿಂತಿರುತ್ತದೆ. ಚಿಲ್ಲರೆಗೆ ಅವರ ಜೊತೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

‘ಎಷ್ಟಿಡ್ಲಿ ಅಕ್ಕಾ?’ ಎಂದು ಅವರು ಕೇಳುವ ಪ್ರಶ್ನೆಗೆ ಉತ್ತರ ನಮ್ಮ ಹತ್ತಿರ ಸಿದ್ಧವಿರಬೇಕು. ‘ನೀವೇ ನೋಡಿ ಹಾಕಿ’ ಎಂದರೆ ಎಲ್ಲ ಕಾರಿಗೂ ಹಾಕುವಂತೆ ಮೂವತ್ತೈದು ಹಾಕಿ ಕಳಿಸುತ್ತಾರೆ, ಅವರ ತಪ್ಪೇನೂ ಇಲ್ಲ. ನಾನು ಮನೆಯಲ್ಲೇ ತಣ್ಣಗೆ ನೋಡಿಕೊಂಡು, ಯಾವುದಕ್ಕೆ ಎಷ್ಟು ಕಮ್ಮಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಅಂಗಡಿ ಮುಟ್ಟುವಷ್ಟರಲ್ಲಿ ಟೈರು ಬಿಸಿಯಾಗಿ ಎರಡು ಪಾಯಿಂಟು ಹೆಚ್ಚು ತೋರಿಸಿದರೂ ಚೀಟಿಯ ಲೆಕ್ಕಕ್ಕೇ ನಿಲ್ಲುತ್ತೇನೆ. ಮೂರು ಕಮ್ಮಿಯಿದ್ದರೆ, ಈಗ ತೋರಿಸುತ್ತಿರುವುದರ ಮೇಲೆ ಮೂರು. ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂಬ ನಿಯಮವೇ ಇದೆ. ಅಲ್ಲಿಯ ಮೆಷಿನ್ನು ಎರಡು ಮೂರು ಪಾಯಿಂಟು ಆಚೀಚೆ ತೋರಿಸುವುದುಂಟು. ಸ್ವಂತ ಮೀಟರು ಇಟ್ಟುಕೊಂಡವರಿಗೆ ಅದರ ಚಿಂತೆಯಿಲ್ಲ. ಇನ್ನು ನೈಟ್ರೋಜನ್. ಹಾಕಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ವಿಮಾನದ ಚಕ್ರಗಳಿಗೆ ಬೇಕೇ ಬೇಕು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಊರ ಕಾರಿಗೆ ಅಷ್ಟು ಸಾಕು. ಹಾಕಿಸಿದರೂ ಕೆಡುಕಿಲ್ಲ, ತಿಂಗಳಿಗೊಮ್ಮೆ ನೋಡುವುದನ್ನು ಮಾತ್ರ ಬಿಡಬಾರದು. ಯಾವ ತೂತೂ ಇಲ್ಲದ ಒಳ್ಳೆಯ ಟೈರೂ ತಿಂಗಳಿಗೆ ಒಂದೆರಡು ಪಾಯಿಂಟು ಕಳೆದುಕೊಳ್ಳುತ್ತದೆ. ರಬ್ಬರಿನ ಮೈಯೊಳಗಿಂದಲೇ ಗಾಳಿ ಜಿನುಗಿಹೋಗುತ್ತದೆ.

ಈಗ ಹೊಸಕೋಟೆಯಿಂದ ಮಾಲೂರು, ಕೆಜಿಎಫ್ ಕಡೆಯಿಂದ ಚೆನ್ನೈಗೆ ಹೊಸ ಎಕ್ಸ್‌ಪ್ರೆಸ್‌ವೇ ಆಗುತ್ತಿದೆ, ನಮ್ಮ ಜಿಲ್ಲೆಯ ಭಾಗದಲ್ಲಿ ಕಾರುಗಳು ಓಡುತ್ತಲೂ ಇವೆ. ಅದು ನಂಗಲಿಯನ್ನು ಮುಟ್ಟುವುದಿಲ್ಲ. ನಮ್ಮ ಹುಡುಗರಿಗೆ ಅದರ ಮೇಲೆ ಒಮ್ಮೆ ನೂರರ ವೇಗದಲ್ಲಿ ಹೋಗಿಬರುವ ಆಸೆ. ಹೋಗಲಿ, ರಸ್ತೆ ಇರುವುದೇ ಅದಕ್ಕೆ. ಹಳೆಯ ರಸ್ತೆಯಲ್ಲಿ ಊರು, ಉಬ್ಬು, ಕಾಫಿ ಅಂಗಡಿ ಎಂದು ನಿಂತು ನಿಂತು ಹೋಗುವಾಗ ಟೈರಿಗೂ ನಡುನಡುವೆ ತಣಿಯುವುದಕ್ಕೆ ಬಿಡುವು ಸಿಗುತ್ತದೆ. ಅಲ್ಲಿ ಒಂದೇ ಸಮನೆ ಒಂದು ಗಂಟೆ ಓಟ. 26 ಇರುವ ಟೈರು ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬರುವಷ್ಟಕ್ಕೆ ಹೇಗೋ ಆದೀತು, ಆ ಓಟಕ್ಕೆ ಆಗದು.

ಮೊನ್ನೆ ಪಕ್ಕದ ಮನೆಯ ಹುಡುಗ ಬೆಳಗ್ಗೆಯೇ ಬಂದ. ತಾಯಿಯನ್ನು ವೆಲ್ಲೂರಿನ ಆಸ್ಪತ್ರೆಗೆ ತೋರಿಸಬೇಕಿತ್ತು. ಅಕ್ಕ, ಭಾವ, ಮಗು ಎಲ್ಲ ಹೊರಟಿದ್ದರು.

‘ಅಕ್ಕಾ, ಆ ಗಾಳಿ ನೋಡೋದು ಒಂದ್ಸಲ ಕೊಡ್ತೀರಾ?’

ನಾನೇ ಎದ್ದು ಹೋದೆ. ಬಾಗಿಲ ಸ್ಟಿಕ್ಕರ್ ತೋರಿಸಿದೆ, ಅವನೇ ಓದಿದ, ಅವನೇ ಮೀಟರಿಟ್ಟ. ಮೊದಲ ಸಲ ಸುಯ್ಯೆಂದಿತು, ಎರಡನೆಯ ಸಲ ಸರಿಯಾಗಿ ಕೂತಿತು. ಮುಂದೆ 31, 31. ಹಿಂದೆ 30, 29. ಡಿಕ್ಕಿ ತೆಗೆಸಿ ಸ್ಟೆಪ್ನಿಯನ್ನೂ ನೋಡು ಅಂದೆ. ಬ್ಯಾಗುಗಳನ್ನು ಇಳಿಸಬೇಕಾಯಿತು, ಅವನ ಭಾವನಿಗೆ ಸ್ವಲ್ಪ ಅವಸರವಿತ್ತು. ಸ್ಟೆಪ್ನಿಯಲ್ಲಿ 14 ಇತ್ತು.

‘ಇದಕ್ಕೂ ಹಾಕಿಸ್ಬೇಕಾ ಅಕ್ಕಾ? ಇದು ಓಡಲ್ವಲ್ಲ.’

‘ಮೊಗಿಲಿ ಘಾಟಲ್ಲಿ ಓಡಬೇಕಾಗಿ ಬಂದ್ರೆ? ಅದಕ್ಕೇ ಮೊದಲು ಹಾಕ್ಸು, ಎರಡು ಪಾಯಿಂಟು ಜಾಸ್ತೀನೇ ಇರಲಿ. ಹಿಂದಿನೆರಡಕ್ಕೆ 36. ಐದು ಜನ ಇದ್ದೀರಿ.’

ಅವನು ಕೈಮೇಲೆ ಪೆನ್ನಿನಲ್ಲಿ ಅಂಕಿಗಳನ್ನು ಬರೆದುಕೊಂಡ. ಹೆದ್ದಾರಿ ಪಕ್ಕದ ಅಂಗಡಿ ಆಗಷ್ಟೇ ಶಟರ್ ಎತ್ತಿತ್ತು. ಕಂಪ್ರೆಸರ್ ತುಂಬಿಕೊಳ್ಳುವುದಕ್ಕೆ ಹತ್ತು ನಿಮಿಷ ಕಾದು, ಐದಕ್ಕೂ ಗಾಳಿ ಹಿಡಿಸಿಕೊಂಡು, ಏಳು ಗಂಟೆಗೆ ಮುಂಚೆ ಗಡಿ ದಾಟಿದರು.